ನೌಕರಿ ಬಿಡದೆ ಬರೆಯೋದು, ಬಿಡಿಸೋದು, ನುಡಿಸೋದು ಹೇಗೆ: ಒಂದು ಸಮಗ್ರ ಮಾರ್ಗದರ್ಶಿ

ನನ್ನ ಒಂದು ಕಥೆ ನಾಲ್ಕು ವರ್ಷ ಡ್ರಾಯರ್‌ನಲ್ಲಿ ಬಿದ್ದಿತ್ತು. ಹನ್ನೊಂದು ಪುಟ ಆಗಿತ್ತು, ಅಲ್ಲಿಗೇ ನಿಂತಿತ್ತು. ಲೆಕ್ಕಪತ್ರ ವಿಭಾಗದ ಕೆಲಸ ನನ್ನದು. ಬೆಳಿಗ್ಗೆ ಒಂಬತ್ತಕ್ಕೆ ಹೊರಟರೆ ಮನೆಗೆ ಬರುವಾಗ ಏಳು ಗಂಟೆ. ಉದ್ದನೆಯ ರಜೆ ಸಿಗಲಿ, ಕೂತು ಮುಗಿಸಿಬಿಡುತ್ತೇನೆ ಅಂತ ಅಂದುಕೊಳ್ಳುತ್ತಲೇ ಇದ್ದೆ. ಕೊನೆಗೆ ಒಂಬತ್ತು ದಿನದ ರಜೆ ಸಿಕ್ಕಿತು. ಮೊದಲ ನಾಲ್ಕು ದಿನ ನಾನೇ ಬರೆದ ಹನ್ನೊಂದು ಪುಟ ಓದಿ, ಈ ತಮ್ಮನಿಗೆ ಯಾಕೆ ಸಿಟ್ಟು, ಈ ಅಕ್ಕ ಇಷ್ಟು ವರ್ಷದ ಮೇಲೆ ಯಾಕೆ ಮನೆಗೆ ಬಂದಳು ಅಂತ ನೆನಪು ಮಾಡಿಕೊಳ್ಳುವುದರಲ್ಲೇ ಹೋಯಿತು. ಐದನೇ ದಿನ ಕೈ ಓಡಲು ಶುರುವಾಯಿತು. ಒಂಬತ್ತನೇ ದಿನ ರಜೆ ಮುಗಿಯಿತು.

ಆ ರಜೆ ಒಂದು ವಿಷಯ ಕಲಿಸಿತು. ನೌಕರಿ ಮಾಡುವವರಿಗೆ ಸಮಯ ಕಡಿಮೆ ನಿಜ, ಆದರೆ ನಮ್ಮನ್ನು ಅದಕ್ಕಿಂತ ಜಾಸ್ತಿ ಕಾಡುವುದು ಒಂದು ಸಲ ಕೂತದ್ದಕ್ಕೂ ಮತ್ತೊಂದು ಸಲ ಕೂರುವುದಕ್ಕೂ ನಡುವೆ ಬೀಳುವ ಅಂತರ. ಅಂತರ ಬೆಳೆದಷ್ಟೂ ಎಳೆ ತಪ್ಪುತ್ತದೆ, ಎಳೆ ತಪ್ಪಿದಷ್ಟೂ ಕೂರುವುದಕ್ಕೆ ಅಂಜಿಕೆಯಾಗುತ್ತದೆ, ಅಂಜಿಕೆಯಿಂದ ಅಂತರ ಇನ್ನೂ ಬೆಳೆಯುತ್ತದೆ. ಕೆಳಗೆ ಬರೆದಿರುವುದೆಲ್ಲ ಆ ಅಂತರವನ್ನು ಚಿಕ್ಕದು ಮಾಡುವುದಕ್ಕೆ, ಮತ್ತೆ ಕೂರೋದನ್ನು ಸುಲಭ ಮಾಡುವುದಕ್ಕೆ. ನನಗೆ ಗೊತ್ತಿರುವುದು ಬರವಣಿಗೆ, ಅದರ ಉದಾಹರಣೆ ಜಾಸ್ತಿ ಬರುತ್ತವೆ. ಚಿತ್ರ, ಸಂಗೀತ, ಹೊಲಿಗೆ, ಮರಗೆಲಸ ಮಾಡುವವರು ತಮ್ಮ ಕೈಗೆ ತಕ್ಕಂತೆ ಮಾರ್ಪಡಿಸಿಕೊಳ್ಳಿ.

1. ಮೊದಲು ಒಂದು ವಾರ ಬರೆದಿಡಿ

ಏನನ್ನೂ ಬದಲಾಯಿಸಬೇಡಿ. ಏಳು ದಿನ, ಅರ್ಧ ಗಂಟೆಗೊಂದು ಸಾಲು, ಏನು ಮಾಡಿದಿರಿ ಅಂತ ಬರೆಯಿರಿ. ಪಕ್ಕದಲ್ಲಿ ಇನ್ನೊಂದು ಕಾಲಂ ಇರಲಿ, ಅದರಲ್ಲಿ ಆ ಹೊತ್ತಿಗೆ ತಲೆ ಹೇಗಿತ್ತು ಅಂತ 1, 2 ಅಥವಾ 3 ಹಾಕಿ. ತಲೆ ಚುರುಕಾಗಿದ್ದರೆ 3, ಪೂರ್ತಿ ಸೋತಿದ್ದರೆ 1. ಈ ಎರಡನೇ ಕಾಲಂ ಮೊದಲನೆಯದಕ್ಕಿಂತ ಮುಖ್ಯ.

ಲೆಕ್ಕ ಹೀಗಿದೆ. ವಾರಕ್ಕೆ 168 ಗಂಟೆ. ದಿನಕ್ಕೆ 8 ಗಂಟೆ ನಿದ್ದೆ ಅಂತ 56 ತೆಗೆಯಿರಿ. ಆಫೀಸಿಗೆ 48, ಓಡಾಟಕ್ಕೆ 10. ಉಳಿಯುವುದು 54 ಗಂಟೆ. ಅಷ್ಟೊಂದಿದೆಯಾ ಅನಿಸುತ್ತದೆ, ಅಲ್ವಾ? ಆದರೆ ಅಡುಗೆ, ಸ್ನಾನ, ಬಟ್ಟೆ, ಮಕ್ಕಳು, ವಯಸ್ಸಾದವರು, ಬಿಲ್ಲು, ಬ್ಯಾಂಕು, ಫೋನು ಎಲ್ಲವೂ ಅದರೊಳಗೇ ಆಗಬೇಕು. ಎಲ್ಲ ಕಳೆದರೂ ಬಹಳ ಜನರಿಗೆ ಅಲ್ಲಲ್ಲಿ ಅರ್ಧರ್ಧ ಗಂಟೆ ಸಿಗುತ್ತದೆ. ಹಾಗೆ ಸಿಕ್ಕಿದ್ದರಲ್ಲಿ ಯಾವುದರ ಪಕ್ಕ 3 ಇದೆ, ಯಾವುದರ ಪಕ್ಕ 1 ಇದೆ ಅಂತ ನೋಡಿ.

ನನ್ನ ಹಾಳೆಯಲ್ಲಿ ರಾತ್ರಿ ಎಂಟೂವರೆಯಿಂದ ಹತ್ತರವರೆಗೆ ಖಾಲಿ ಇತ್ತು, ಆದರೆ ಆರು ದಿನವೂ 1. ನಾಲ್ಕು ವರ್ಷ ನಾನು ಬರೆಯಲು ಹೆಣಗಿದ್ದು ಅದೇ ಹೊತ್ತಿನಲ್ಲಿ. ಬೆಳಿಗ್ಗೆ ಆರೂಕಾಲಿನಿಂದ ಏಳರವರೆಗೆ ಫೋನ್ ನೋಡುತ್ತಾ ಮಲಗಿರುತ್ತಿದ್ದೆ, ಅಲ್ಲಿ 3 ಇತ್ತು. ಈ ಹಾಳೆ ಇಲ್ಲದಿದ್ದರೆ ಅದು ನನ್ನ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ.

ನಿದ್ದೆಗೆ ಕೈ ಹಾಕಬೇಡಿ. ದೊಡ್ಡವರಿಗೆ ಕನಿಷ್ಠ 7 ಗಂಟೆ ನಿದ್ದೆ ಬೇಕು ಅಂತ ನಿದ್ರಾ ತಜ್ಞರು ಹೇಳುತ್ತಾರೆ. ಬೇಗ ಏಳಬೇಕೆಂದರೆ ಬೇಗ ಮಲಗಿ, ಬೇರೆ ದಾರಿ ಇಲ್ಲ. ನಿದ್ದೆಗೆಟ್ಟು ಬರೆದ ವಾರಗಳಲ್ಲಿ ನಾನು ಬರೆದದ್ದನ್ನು ಮುಂದಿನ ವಾರ ಹೊಡೆದುಹಾಕಿದ್ದೇ ಜಾಸ್ತಿ.

2. ಒಂದೇ ಒಂದು ಕೆಲಸ ಹಿಡಿಯಿರಿ

ಮನಸ್ಸಿನಲ್ಲಿ ಹತ್ತು ಆಸೆ ಇರುತ್ತವೆ. ಗಿಟಾರ್ ಕಲಿಯಬೇಕು, ಕಾದಂಬರಿ ಬರೆಯಬೇಕು, ಜಲವರ್ಣ ಮಾಡಬೇಕು. ವಾರಕ್ಕೆ ಎರಡೂವರೆ ಗಂಟೆ ಇರುವವರು ಮೂರನ್ನೂ ಹಿಡಿದರೆ ಪ್ರತಿಯೊಂದರ ಅಂತರವೂ ಮೂರು ಪಟ್ಟಾಗುತ್ತದೆ. ಒಂದನ್ನು ಆರಿಸಿ. ಉಳಿದವನ್ನು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ‘ಆಮೇಲೆ’ ಅಂತ ಬರೆದು ಅದರ ಕೆಳಗೆ ಪಟ್ಟಿ ಮಾಡಿ. ಹೊಸ ಯೋಚನೆ ಬಂದಾಗಲೆಲ್ಲ ಅಲ್ಲಿಗೆ ಸೇರಿಸಿ, ಮತ್ತೆ ಕೈಯಲ್ಲಿರುವ ಕೆಲಸಕ್ಕೆ ಬನ್ನಿ.

ಹಿಡಿದದ್ದಕ್ಕೆ ಒಂದು ಕೊನೆ ಇರಲಿ. ‘ಚಿತ್ರ ಬಿಡಿಸುತ್ತೇನೆ’ ಅನ್ನುವುದಕ್ಕಿಂತ ‘ನನ್ನ ಕಿಟಕಿಯಿಂದ ಕಾಣುವುದರ ಹನ್ನೆರಡು ಚಿತ್ರ’ ಒಳ್ಳೆಯದು. ‘ಬರೆಯುತ್ತೇನೆ’ ಅನ್ನುವುದಕ್ಕಿಂತ ‘ಈ ಅಕ್ಕ ತಮ್ಮನ ಕಥೆ’ ಒಳ್ಳೆಯದು. ಮೊದಲನೆಯದು ಎರಡು ಮೂರು ತಿಂಗಳಲ್ಲಿ ಮುಗಿಯುವಂಥದ್ದಾಗಿರಲಿ. ಒಂದನ್ನು ಮುಗಿಸಿದ ಅನುಭವ ಕೈಗೆ ಬೇಕು.

3. ಹೊತ್ತು ಗೊತ್ತುಮಾಡಿ

ಬೆಳಿಗ್ಗೆಯೇ ಒಳ್ಳೆಯದು ಅಂತ ಎಲ್ಲರೂ ಹೇಳುತ್ತಾರೆ. ಎಲ್ಲರಿಗೂ ಹಾಗಿಲ್ಲ. ಆಂಟನಿ ಟ್ರೊಲಪ್ ಬ್ರಿಟಿಷ್ ಅಂಚೆ ಇಲಾಖೆಯಲ್ಲಿ 1834ರಿಂದ 1867ರವರೆಗೆ ಕೆಲಸ ಮಾಡುತ್ತಲೇ ಕಾದಂಬರಿ ಬರೆದವರು. ಬೆಳಿಗ್ಗೆ ಐದೂವರೆಗೆ ಮೇಜಿನ ಮುಂದೆ ಇರುತ್ತಿದ್ದರು, ಎಬ್ಬಿಸುವುದಕ್ಕಾಗಿಯೇ ಮನೆಯ ಹಳೆಯ ಆಳಿಗೆ ವರ್ಷಕ್ಕೆ ಐದು ಪೌಂಡ್ ಜಾಸ್ತಿ ಕೊಡುತ್ತಿದ್ದರು. ಗಡಿಯಾರ ಮುಂದಿಟ್ಟುಕೊಂಡು ಕಾಲು ಗಂಟೆಗೆ 250 ಪದ. ಕಥೆಗಾರ ಕಾಫ್ಕಾ ಪ್ರಾಗ್‌ನ ಕಾರ್ಮಿಕರ ಅಪಘಾತ ವಿಮಾ ಸಂಸ್ಥೆಗೆ ಸೇರಿದ್ದು 1908ರಲ್ಲಿ. ಆಫೀಸು ಮಧ್ಯಾಹ್ನ ಎರಡಕ್ಕೆ ಮುಗಿಯುತ್ತಿತ್ತು, ಬರೆಯುತ್ತಿದ್ದದ್ದು ಮಾತ್ರ ರಾತ್ರಿ, ಮನೆಯವರೆಲ್ಲ ಮಲಗಿದ ಮೇಲೆ. ಅಮೆರಿಕದ ಕವಿ ವಾಲೆಸ್ ಸ್ಟೀವನ್ಸ್ ವಿಮಾ ಕಂಪನಿಯ ಉಪಾಧ್ಯಕ್ಷರಾಗಿದ್ದರು, ಆಫೀಸಿಗೆ ನಡೆದು ಹೋಗುವಾಗ ತಲೆಯಲ್ಲೇ ಕವಿತೆ ಕಟ್ಟುತ್ತಿದ್ದರು. ಮೂವರ ಹೊತ್ತೂ ಬೇರೆ ಬೇರೆ. ನಿಮ್ಮ ಹಾಳೆಯಲ್ಲಿ 3 ಎಲ್ಲಿದೆಯೋ ಅದೇ ನಿಮ್ಮ ಹೊತ್ತು.

ಹೊತ್ತನ್ನು ಗಡಿಯಾರಕ್ಕಿಂತ ಜಾಸ್ತಿ ಒಂದು ಕೆಲಸಕ್ಕೆ ಗಂಟು ಹಾಕಿ. ‘ಹಲ್ಲುಜ್ಜಿದ ತಕ್ಷಣ, ಫೋನ್ ಮುಟ್ಟುವ ಮೊದಲು, ಮೂಲೆಯ ಕುರ್ಚಿಯಲ್ಲಿ ಕೂರುತ್ತೇನೆ.’ ‘ಇದಾದ ಮೇಲೆ ಇದು’ ಅಂತ ಮೊದಲೇ ಗೊತ್ತುಮಾಡಿಕೊಂಡರೆ ಮಾಡುವ ಸಂಭವ ಹೆಚ್ಚು ಅಂತ ಮನಶ್ಶಾಸ್ತ್ರಜ್ಞ ಪೀಟರ್ ಗಾಲ್ವಿಟ್ಜರ್ 1990ರ ದಶಕದಲ್ಲೇ ತೋರಿಸಿದ್ದಾರೆ. ಮಾಡೋಣವೋ ಬೇಡವೋ ಅಂತ ಬೆಳಿಗ್ಗೆ ಯೋಚಿಸುವ ಕಷ್ಟ ತಪ್ಪುತ್ತದೆ.

ಎಷ್ಟು ಹೊತ್ತು? 35 ನಿಮಿಷ ಸಾಕು. ವಾರಕ್ಕೆ ನಾಲ್ಕು ದಿನ. ಏಳು ದಿನ ಅಂತ ಹೊರಟರೆ ಎರಡನೇ ವಾರವೇ ಎರಡು ದಿನ ತಪ್ಪುತ್ತದೆ, ತಪ್ಪಿದೆ ಅನ್ನುವ ಬೇಜಾರಿಗೇ ಮೂರನೇ ದಿನವೂ ಹೋಗುತ್ತದೆ. ನಾಲ್ಕು ದಿನವನ್ನು ವಾರದುದ್ದಕ್ಕೂ ಹರಡಿಕೊಂಡರೆ ನಡುವಿನ ಅಂತರ ಎರಡು ದಿನ ದಾಟುವುದಿಲ್ಲ, ಮೂರು ದಿನ ಉಸಿರಾಡಲು ಜಾಗವೂ ಇರುತ್ತದೆ.

4. ಹಿಂದಿನ ರಾತ್ರಿಯೇ ಎಲ್ಲ ಹೊರಗಿಡಿ

ಬೆಳಿಗ್ಗೆ ನೋಟ್‌ಬುಕ್ ಹುಡುಕಲು ಎರಡು ನಿಮಿಷ, ಪೆನ್ನಿಗೆ ಒಂದು ನಿಮಿಷ, ಲ್ಯಾಪ್‌ಟಾಪ್ ತೆರೆದರೆ ನಾಲ್ಕು ಮೇಲ್. ಅಲ್ಲಿಗೆ ಹೊತ್ತು ಮುಗಿಯಿತು.

ರಾತ್ರಿ ಮಲಗುವ ಮೊದಲು ನಾನು ಮಾಡುವುದು ಇಷ್ಟು. ಮೂಲೆಯ ಚಿಕ್ಕ ಮೇಜಿನ ಮೇಲಿರುವ ಬಟ್ಟೆ, ಪತ್ರಿಕೆ, ಚಾರ್ಜರ್ ಎಲ್ಲ ತೆಗೆಯುತ್ತೇನೆ. ನೋಟ್‌ಬುಕ್ ನಿಲ್ಲಿಸಿದ ಪುಟಕ್ಕೆ ತೆರೆದು, ಮಡಚಿಕೊಳ್ಳದ ಹಾಗೆ ಅದರ ಮೇಲೆ ಕನ್ನಡಕದ ಡಬ್ಬಿ ಇಡುತ್ತೇನೆ. ಪೆನ್ನಿನ ಮುಚ್ಚಳ ಹಿಂದಕ್ಕೆ ಸಿಕ್ಕಿಸಿರುತ್ತೇನೆ. ಪಕ್ಕದಲ್ಲಿ ಒಂದು ಲೋಟ ನೀರು, ಮೇಲೊಂದು ತಟ್ಟೆ ಮುಚ್ಚಿ. ಫೋನ್ ಬೇರೆ ಕೋಣೆಯಲ್ಲಿ, ಅಲಾರಂಗೆ ಬೇರೆ ಗಡಿಯಾರ. ಬೆಳಿಗ್ಗೆ ಕುರ್ಚಿ ಎಳೆದುಕೊಂಡರೆ ಆಯಿತು, ಪೆನ್ನು ಕೈಯಲ್ಲಿರುತ್ತದೆ.

ಬಿಡಿಸುವವರು ಕಾಗದ ಹಲಗೆಗೆ ಅಂಟಿಸಿ, ಕುಂಚ ತೊಳೆದು ಇಡಿ. ನುಡಿಸುವವರು ವಾದ್ಯವನ್ನು ಪೆಟ್ಟಿಗೆಯೊಳಗೆ ಇಟ್ಟು ಬೀರುವಿನ ಮೇಲಕ್ಕೆ ಸೇರಿಸಬೇಡಿ. ಧೂಳು, ಬಿಸಿಲು, ಮಕ್ಕಳ ಕೈ ತಾಗದ ಹಾಗೆ ಗೋಡೆಗೆ ತೂಗುಹಾಕಲು ಆಗುವುದಾದರೆ ಹಾಕಿ. ಕಣ್ಣಿಗೆ ಬೀಳುವ ವಾದ್ಯವನ್ನು ಕೈ ತಾನಾಗಿ ಎತ್ತಿಕೊಳ್ಳುತ್ತದೆ. ಪ್ರತ್ಯೇಕ ಕೋಣೆ ಇಲ್ಲ ಅಂತ ಕೊರಗಬೇಡಿ, ಒಂದು ಟ್ರೇ ಸಾಕು. ಎಲ್ಲವನ್ನೂ ಅದರಲ್ಲಿ ಜೋಡಿಸಿಟ್ಟು, ಊಟದ ಮೇಜಿಗೆ ತಂದು, ಆದ ಮೇಲೆ ಹಾಗೆಯೇ ಎತ್ತಿಡಬಹುದು.

5. ನಿಲ್ಲಿಸುವುದನ್ನು ಕಲಿಯಿರಿ

ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ನನ್ನ ಕಥೆಯನ್ನು ಮುಗಿಸಿಕೊಟ್ಟದ್ದು ಇದೇ. ನಾವು ಶುರು ಮಾಡುವುದರ ಬಗ್ಗೆ ಎಷ್ಟೋ ಯೋಚಿಸುತ್ತೇವೆ, ನಿಲ್ಲಿಸುವುದರ ಬಗ್ಗೆ ಯೋಚಿಸುವುದೇ ಇಲ್ಲ. ಹೊತ್ತಾಯಿತು ಅಂತ ಎದ್ದುಬಿಡುತ್ತೇವೆ. ಇಲ್ಲವೇ ಒಂದು ಭಾಗ ಪೂರ್ತಿಯಾಗುವವರೆಗೆ ಎಳೆದು, ಎಲ್ಲ ಖಾಲಿಯಾದ ಮೇಲೆ ಏಳುತ್ತೇವೆ. ಎರಡರಲ್ಲೂ ಮರುದಿನ ಕೂತಾಗ ಮುಂದೇನು ಅಂತ ತಿಳಿಯದೆ ಹದಿನೈದು ನಿಮಿಷ ಹೋಗುತ್ತದೆ. 35ರಲ್ಲಿ 15 ಹೋದರೆ ಏನು ಉಳಿಯಿತು?

ಕೊನೆಯ ಐದು ನಿಮಿಷಕ್ಕೆ ಅಲಾರಂ ಇಡಿ. ಅದು ಹೊಡೆದಾಗ, ಮುಂದಿನ ಸಾಲು ಏನೆಂದು ಇನ್ನೂ ಗೊತ್ತಿರುವಾಗಲೇ, ಬರೆಯುವುದನ್ನು ನಿಲ್ಲಿಸಿ. ಆಮೇಲೆ ನಾಳೆ ಬಂದು ಕೂರುವ ನಿಮಗೆ ಒಂದು ಚೀಟಿ ಬರೆಯಿರಿ. ಎರಡು ಮೂರು ಸಾಲು, ಚಂದ ಇರಬೇಕಾಗಿಲ್ಲ. ನನ್ನ ನೋಟ್‌ಬುಕ್ಕಿನ ಒಂದು ಚೀಟಿ ಹೀಗಿದೆ:

‘ಅಕ್ಕ ಬಾಗಿಲ ಹತ್ತಿರ ನಿಂತಿದ್ದಾಳೆ. ಬೀಗದ ಕೈ ಇದೆ, ಆದರೆ ಬಾಗಿಲು ತಟ್ಟುತ್ತಾಳೆ. ತಮ್ಮ ಒಳಗಿಂದ ಯಾರು ಅಂತ ಕೇಳುತ್ತಾನೆ. ಅವಳು ಹೆಸರು ಹೇಳಲ್ಲ. ನಾಳೆ ಇಲ್ಲಿಂದ. ಅಪ್ಪನ ವಿಷಯ ಈಗಲೇ ತರಬೇಡ.’

ಮರುದಿನ ನಾನು ಹಿಂದಿನ ಪುಟ ಓದಲೇ ಇಲ್ಲ. ಚೀಟಿ ಓದಿದೆ, ಅವಳು ತಟ್ಟಿದಳು, ಕಥೆ ಮುಂದೆ ಹೋಯಿತು. ಕೊನೆಯ ಸಾಲು ನೋಡಿ, ಏನು ಮಾಡಬಾರದು ಅಂತಲೂ ಬರೆದಿದ್ದೇನೆ. ಅದೂ ಬೇಕು, ಯಾಕೆಂದರೆ ಅಪ್ಪನ ವಿಷಯ ಅಲ್ಲಿ ಬಂದರೆ ಹಾಳಾಗುತ್ತದೆ ಅಂತ ಇವತ್ತು ಗೊತ್ತಿದೆ, ನಾಳೆ ಮರೆತಿರುತ್ತದೆ.

ಬಿಡಿಸುವವರು ಚಿತ್ರದ ಅಂಚಿಗೆ ಪೆನ್ಸಿಲ್‌ನಲ್ಲಿ ಬರೆಯಬಹುದು: ‘ಬಲಗಡೆ ನೆರಳು ಇನ್ನೂ ತಣ್ಣಗೆ ಬೇಕು, ನೀಲಿ ಜಾಸ್ತಿ.’ ಬಳಸಿದ ಬಣ್ಣದ ಬೆರಕೆಯನ್ನು ಒಂದು ಚೂರು ಕಾಗದಕ್ಕೆ ಹಚ್ಚಿ, ಯಾವ ಯಾವ ಬಣ್ಣ ಸೇರಿಸಿದ್ದು ಅಂತ ಗುರುತು ಹಾಕಿಡಿ, ಅದೇ ಬಣ್ಣ ಮತ್ತೆ ಬರಿಸುವುದು ಇಲ್ಲದಿದ್ದರೆ ತುಂಬಾ ಕಷ್ಟ. ನುಡಿಸುವವರು ತೊಡಕಾದ ಜಾಗವನ್ನು ಫೋನ್‌ನಲ್ಲಿ ಒಂದು ನಿಮಿಷ ರೆಕಾರ್ಡ್ ಮಾಡಿಕೊಳ್ಳಿ, ನಾಳೆ ಅಲ್ಲಿಂದಲೇ, ಅರ್ಧ ವೇಗದಲ್ಲಿ ಶುರು ಮಾಡಿ. ಹೊಲಿಯುವವರು ಸೂಜಿಗೆ ದಾರ ಪೋಣಿಸಿ, ಮುಂದಿನ ಗೆರೆಯನ್ನು ಚಾಕ್‌ನಲ್ಲಿ ಎಳೆದೇ ಎದ್ದೇಳಿ.

ಈ ಚೀಟಿಯಿಂದ ಇನ್ನೊಂದು ಲಾಭವಿದೆ. ದಿನದಲ್ಲಿ ಬಸ್ಸಿನಲ್ಲೋ, ಸಾಲಿನಲ್ಲೋ ನಿಂತಿರುವಾಗ ತಲೆ ತಾನಾಗಿ ಅಲ್ಲಿಗೆ ಹೋಗುತ್ತದೆ. ಅಕ್ಕ ಯಾಕೆ ಹೆಸರು ಹೇಳಲಿಲ್ಲ ಅನ್ನುವುದಕ್ಕೆ ಉತ್ತರ ನನಗೆ ಹೊಳೆದದ್ದು ಲಿಫ್ಟಿನಲ್ಲಿ. ಜೇಬಿನಲ್ಲಿ ಚಿಕ್ಕ ಕಾಗದ ಇಟ್ಟುಕೊಂಡಿರಿ.

6. ಆಫೀಸಿನಿಂದ ಬಂದು ಕೂರುವವರಿಗೆ

ನಿಮ್ಮ 3 ಸಂಜೆಯಲ್ಲಿದ್ದರೆ ಒಂದು ತೊಂದರೆ ಇದೆ. ಮೈ ಮನೆಗೆ ಬಂದಿರುತ್ತದೆ, ತಲೆ ಆಫೀಸಿನಲ್ಲೇ ಇರುತ್ತದೆ. ಒಂದು ಕೆಲಸದಿಂದ ಇನ್ನೊಂದಕ್ಕೆ ಹೋದಾಗ ಗಮನದ ಒಂದು ಪಾಲು ಹಳೆಯದರಲ್ಲೇ ಅಂಟಿಕೊಂಡಿರುತ್ತದೆ, ಹಳೆಯದು ಅರ್ಧಕ್ಕೆ ನಿಂತಿದ್ದರೆ ಇನ್ನೂ ಜಾಸ್ತಿ. ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರಲ್ಲಿ ಇದರ ಬಗ್ಗೆಯೇ ಬರೆದಿದ್ದಾರೆ. ಅದಕ್ಕೇ ಆಫೀಸಿನಿಂದ ಏಳುವ ಮೊದಲು ಹತ್ತು ನಿಮಿಷ, ಬಾಕಿ ಇರುವುದೇನು, ನಾಳೆ ಮೊದಲು ಮಾಡುವುದೇನು ಅಂತ ಬರೆದಿಟ್ಟು ಬನ್ನಿ. ಆಫೀಸಿನ ಕೆಲಸಕ್ಕೂ ಚೀಟಿ, ಅಷ್ಟೇ. ಮನೆಗೆ ಬಂದು ಮುಖ ತೊಳೆದು, ಬಟ್ಟೆ ಬದಲಾಯಿಸಿ, ಇಪ್ಪತ್ತು ನಿಮಿಷ ಸುಮ್ನೆ ಇರಿ ಅಥವಾ ನಡೆಯಿರಿ. ಸೋಫಾದಲ್ಲಿ ಫೋನ್ ಹಿಡಿದು ಕೂರಬೇಡಿ, ಅಲ್ಲಿಂದ ಏಳುವುದು ತುಂಬಾ ಕಷ್ಟ.

7. ಮನೆಯವರ ಜೊತೆ ಬಿಡಿಸಿ ಮಾತಾಡಿ

‘ನನಗೆ ಸ್ವಲ್ಪ ಸಮಯ ಬೇಕು’ ಅಂದರೆ ಯಾರಿಗೂ ಅರ್ಥವಾಗುವುದಿಲ್ಲ. ಎಷ್ಟು, ಯಾವಾಗ, ಯಾಕೆ ಅಂತ ಹೇಳಬೇಕು. ನಾನು ಮೊದಲು ಹೇಳಿದ್ದು ಅಮ್ಮನಿಗೆ.

‘ಅಮ್ಮಾ, ಸೋಮವಾರದಿಂದ ಬೆಳಿಗ್ಗೆ ಆರು ಇಪ್ಪತ್ತೈದರಿಂದ ಏಳರವರೆಗೆ ನಾನು ಮೂಲೆಯಲ್ಲಿ ಕೂತು ಬರೀತೀನಿ. ಆ ಅರ್ಧ ಗಂಟೆ ಕರೀಬೇಡ.’

‘ಹಾಲು ತರೋರು ಯಾರು?’

‘ಏಳಕ್ಕೆ ನಾನೇ ತರ್ತೀನಿ. ಭಾನುವಾರದ ತಿಂಡಿ ಕೂಡ ನಂದೇ.’

‘ಆಯ್ತು. ಆದ್ರೆ ಬಾಗಿಲು ಹಾಕ್ಕೋಬೇಡ.’

ಇಷ್ಟೇ ಮಾತು. ಬಾಗಿಲು ಇವತ್ತಿಗೂ ತೆರೆದೇ ಇರುತ್ತದೆ, ಅಮ್ಮ ಕರೆಯುವುದಿಲ್ಲ. ನೀವು ಅರ್ಧ ಗಂಟೆ ಪಡೆದರೆ ಆ ಅರ್ಧ ಗಂಟೆಯ ಮನೆಗೆಲಸ ಬೇರೆ ಯಾರ ಮೇಲೋ ಬೀಳುತ್ತದೆ, ಅದನ್ನು ಲೆಕ್ಕಕ್ಕೆ ತೆಗೆದುಕೊಂಡು ಬೇರೆ ಹೊತ್ತಿನಲ್ಲಿ ತೀರಿಸಿ. ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಯಲ್ಲಿ ಇದು ಇನ್ನೂ ಮುಖ್ಯ. ವಾರದಲ್ಲಿ ಎರಡು ಸಂಜೆ ನಿಮ್ಮದಾದರೆ ಎರಡು ಸಂಜೆ ಅವರದು, ಅವರು ಆ ಹೊತ್ತಿನಲ್ಲಿ ಏನು ಮಾಡುತ್ತಾರೆ ಅಂತ ಕೇಳುವ ಅಗತ್ಯವಿಲ್ಲ. ಪುಟ್ಟ ಮಗು ಇರುವವರಿಗೆ 35 ನಿಮಿಷವೂ ಸಿಗದಿರಬಹುದು. ಆಗ ಹತ್ತು ನಿಮಿಷದ ಕೆಲಸ ಆರಿಸಿ: ಒಂದು ಕೈ ಬಿಡಿಸುವುದು, ನಾಲ್ಕು ಸಾಲು ಬರೆಯುವುದು. ಎಳೆ ಉಳಿದಿದ್ದರೆ ಸಾಕು, ಮಗು ಬೆಳೆಯುತ್ತದೆ.

8. ಆಫೀಸಿನ ವಿಷಯ

ಕೆಲಸಕ್ಕೆ ಸೇರುವಾಗ ಸಹಿ ಹಾಕಿದ ಕರಾರನ್ನು ಒಮ್ಮೆ ಓದಿ. ಬೇರೆ ಕಡೆಯಿಂದ ಹಣ ಪಡೆಯಬಾರದು, ನೀವು ಮಾಡಿದ್ದೆಲ್ಲ ಕಂಪನಿಗೆ ಸೇರುತ್ತದೆ ಅನ್ನುವಂಥ ಷರತ್ತುಗಳು ಕೆಲವು ಕರಾರುಗಳಲ್ಲಿ ಇರುತ್ತವೆ. ಮಾರುವ ಅಥವಾ ಪ್ರಕಟಿಸುವ ಯೋಚನೆ ಇದ್ದರೆ ಮೊದಲೇ ಬರಹದಲ್ಲಿ ಅನುಮತಿ ಪಡೆಯಿರಿ. ಆಫೀಸಿನ ಲ್ಯಾಪ್‌ಟಾಪಿನಲ್ಲಿ, ಆಫೀಸಿನ ಮೇಲ್‌ನಲ್ಲಿ ನಿಮ್ಮ ಕಥೆ, ಚಿತ್ರ, ಹಾಡು ಯಾವುದೂ ಬೇಡ. ಕೆಲಸ ಬಿಡುವ ದಿನ ಅದನ್ನು ವಾಪಸ್ ಕೊಡಬೇಕು, ಒಳಗಿರುವುದೂ ಅದರ ಜೊತೆ ಹೋಗುತ್ತದೆ.

ರಜೆಯನ್ನು ತಿದ್ದುವುದಕ್ಕೆ ಇಟ್ಟುಕೊಳ್ಳಿ, ಶುರು ಮಾಡುವುದಕ್ಕೆ ಬೇಡ. ಹೊಸದನ್ನು ದಿನಕ್ಕೆ ಸ್ವಲ್ಪ ಸ್ವಲ್ಪ ಮಾಡಬಹುದು. ಆದರೆ ಮುಗಿದ ಕಥೆಯನ್ನು ಮೊದಲಿಂದ ಕೊನೆಯವರೆಗೆ ಒಮ್ಮೆಗೇ ಓದಿ ಸರಿಮಾಡಲು, ಹನ್ನೆರಡು ಚಿತ್ರಗಳನ್ನು ನೆಲದ ಮೇಲೆ ಹರಡಿ ಯಾವುದು ಎಲ್ಲಿ ಅಂತ ನೋಡಲು ಮೂರು ನಾಲ್ಕು ಗಂಟೆ ಒಟ್ಟಿಗೆ ಬೇಕು. ಅದಕ್ಕೆ ಅರ್ಧ ದಿನದ ರಜೆ ಹಾಕಿ.

9. ಕೆಲಸ ಹೆಚ್ಚಾಗುವ ದಿನಗಳು

ನನಗೆ ತಿಂಗಳ ಕೊನೆ, ವರ್ಷದ ಕೊನೆ. ನಿಮಗೆ ಪರೀಕ್ಷೆಯ ಸಮಯವೋ, ಸುಗ್ಗಿಯೋ, ರಾತ್ರಿ ಪಾಳಿಯೋ ಇರಬಹುದು. ಆ ದಿನಗಳು ಬರುತ್ತವೆ ಅಂತ ಮೊದಲೇ ಗೊತ್ತಿರುತ್ತದೆ, ಅದಕ್ಕೊಂದು ಚಿಕ್ಕ ರೂಪ ಗೊತ್ತುಮಾಡಿಟ್ಟುಕೊಳ್ಳಿ. ನನ್ನದು ಹೀಗೆ: ಕೂರುವುದು, ಚೀಟಿ ಓದುವುದು, ಒಂದೇ ಒಂದು ಸಾಲು ಬರೆಯುವುದು, ಹೊಸ ಚೀಟಿ ಬರೆದು ಏಳುವುದು. ಐದು ನಿಮಿಷ ಹಿಡಿಯುತ್ತದೆ. ಕಥೆ ಮುಂದೆ ಹೋಗುವುದಿಲ್ಲ, ಆದರೆ ಮರೆತೂ ಹೋಗುವುದಿಲ್ಲ.

ಅಭ್ಯಾಸ 21 ದಿನದಲ್ಲಿ ಬರುತ್ತದೆ ಅಂತ ಯಾರಾದರೂ ಹೇಳಿದರೆ ನಂಬಿ ಕೂರಬೇಡಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಜೊತೆಯವರು 96 ಜನರನ್ನು ಗಮನಿಸಿದಾಗ, ಒಂದು ಹೊಸ ಕೆಲಸ ತಾನಾಗಿ ನಡೆಯುವ ಹಾಗಾಗಲು ಸುಮಾರು 66 ದಿನ ಬೇಕಾಯಿತು, ಕೆಲವರಿಗೆ 18, ಕೆಲವರಿಗೆ 254 ದಿನದವರೆಗೂ. ಮಧ್ಯೆ ಒಂದು ದಿನ ತಪ್ಪಿದ್ದರಿಂದ ದೊಡ್ಡ ವ್ಯತ್ಯಾಸವೇನೂ ಆಗಲಿಲ್ಲ ಅನ್ನುವುದೂ ಅದರಲ್ಲೇ ಇದೆ. ನನಗೆ ಧೈರ್ಯ ಕೊಟ್ಟದ್ದು ಆ ಮಾತು. ತಪ್ಪಿದರೆ ಮರುದಿನ ಕೂರಿ, ತಪ್ಪಿದ್ದನ್ನು ತುಂಬಿಸಲು ಎರಡು ಪಟ್ಟು ಕೂರಬೇಡಿ.

ಜ್ವರ ಬಂದರೆ, ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲದಿದ್ದರೆ, ಸಾವು ನೋವು ಆದರೆ, ಪೂರ್ತಿ ಬಿಟ್ಟುಬಿಡಿ. ಚೀಟಿ ಅಲ್ಲೇ ಇರುತ್ತದೆ.

10. ತೋರಿಸುವುದು, ಮುಗಿಸುವುದು

ಮಾಡುತ್ತಿರುವಾಗಲೇ ಎಲ್ಲರಿಗೂ ತೋರಿಸಬೇಡಿ. ಚೆನ್ನಾಗಿದೆ ಅಂದರೂ ಕೈ ನಿಲ್ಲುತ್ತದೆ, ಚೆನ್ನಾಗಿಲ್ಲ ಅಂದರೂ ನಿಲ್ಲುತ್ತದೆ. ಮುಗಿದ ಮೇಲೆ ಒಬ್ಬರಿಗೆ ಕೊಡಿ, ಅವರು ಓದುವವರೋ ನೋಡುವವರೋ ಆಗಿರಬೇಕು, ನಿಮ್ಮ ಮೇಲಿನ ಪ್ರೀತಿಗೆ ಹೊಗಳುವವರು ಬೇಡ. ‘ಎಲ್ಲಿ ಬೇಜಾರಾಯಿತು?’ ಅಂತ ಮಾತ್ರ ಕೇಳಿ. ಪತ್ರಿಕೆಗೆ ಕಳಿಸುವುದು, ಫೋಟೋ ತೆಗೆಯುವುದು, ಅರ್ಜಿ ತುಂಬುವುದು ಇವೆಲ್ಲ ತಲೆ 1 ಇರುವ ಹೊತ್ತಿನಲ್ಲೂ ಆಗುತ್ತವೆ. ಅವಕ್ಕೆ ನಿಮ್ಮ 3ರ ಹೊತ್ತು ಕೊಡಬೇಡಿ.

ನೌಕರಿ ಬಿಟ್ಟು ಇದನ್ನೇ ಮಾಡಲಾ ಅಂತ ಒಂದಲ್ಲ ಒಂದು ದಿನ ಅನಿಸುತ್ತದೆ. ನನಗೆ ಕೇಳಿದರೆ ಅವಸರ ಬೇಡ ಅನ್ನುತ್ತೇನೆ. ಸಂಬಳ ಇರುವಾಗ ಕಥೆಯನ್ನು ಯಾರಿಗೋ ಬೇಕಾದ ಹಾಗೆ ತಿರುಗಿಸುವ ಅಗತ್ಯ ಬರುವುದಿಲ್ಲ. ಮಾಸ್ತಿ ಮೈಸೂರು ಸಂಸ್ಥಾನದ ಸರ್ಕಾರಿ ಅಧಿಕಾರಿಯಾಗಿದ್ದುಕೊಂಡೇ ಕಥೆ ಬರೆದರು, ಯಶವಂತ ಚಿತ್ತಾಲರು ಮುಂಬೈಯಲ್ಲಿ ಪ್ಲಾಸ್ಟಿಕ್ ಉದ್ಯಮದ ಕೆಲಸದಲ್ಲಿದ್ದುಕೊಂಡು ಬರೆದರು. ಆಫೀಸಿನಲ್ಲಿ ಜನರ ಜೊತೆ ಕಳೆಯುವ ಎಂಟು ಗಂಟೆಯೂ ಬರೆಯುವವರಿಗೆ ಸಾಮಗ್ರಿಯೇ. ಬಿಡಲೇಬೇಕು ಅನಿಸಿದರೆ, ಒಂದು ವರ್ಷದ ಖರ್ಚಾದರೂ ಕೈಯಲ್ಲಿರಲಿ, ಮೊದಲು ಒಂದು ತಿಂಗಳು ಸಂಬಳವಿಲ್ಲದ ರಜೆ ಹಾಕಿ ನೋಡಿ.

ಮುಗಿಸಿದ ಮರುದಿನ ಹುಷಾರಾಗಿರಬೇಕು. ಸ್ವಲ್ಪ ದಿನ ಆರಾಮಾಗಿರೋಣ ಅನಿಸುತ್ತದೆ, ಆ ಸ್ವಲ್ಪ ದಿನವೇ ಮತ್ತೆ ನಾಲ್ಕು ವರ್ಷವಾಗಬಹುದು. ನನ್ನ ಅಕ್ಕ ತಮ್ಮನ ಕಥೆ ಏಳು ತಿಂಗಳಲ್ಲಿ ಮುಗಿಯಿತು. ವಾರಕ್ಕೆ ನಾಲ್ಕು ದಿನ, 35 ನಿಮಿಷ, 30 ವಾರ: ಒಟ್ಟು 70 ಗಂಟೆ. ಅದು ಮುಗಿದ ಮಾರನೇ ಬೆಳಿಗ್ಗೆ ಆರು ಇಪ್ಪತ್ತೈದಕ್ಕೆ ಅದೇ ಕುರ್ಚಿಯಲ್ಲಿ ಕೂತೆ. ಬರೆಯಲು ಏನೂ ಇರಲಿಲ್ಲ. ನೋಟ್‌ಬುಕ್ಕಿನ ಕೊನೆಯ ಪುಟ ತೆಗೆದು ‘ಆಮೇಲೆ’ ಪಟ್ಟಿಯನ್ನು ಮೇಲಿಂದ ಕೆಳಗೆ ಓದಿದೆ. ಹದಿನಾಲ್ಕು ಸಾಲು ಇದ್ದವು. ಒಂಬತ್ತನೆಯದು, ‘ರಾತ್ರಿ ಪಾಳಿ ಮುಗಿಸಿ ಬರುವ ನರ್ಸ್, ಖಾಲಿ ಬಸ್ಸು’ ಅನ್ನುವುದರ ಕೆಳಗೆ ಗೆರೆ ಎಳೆದೆ. ಏಳಕ್ಕೆ ಐದು ನಿಮಿಷ ಇರುವಾಗ ಹೊಸ ಪುಟದಲ್ಲಿ ಚೀಟಿ ಬರೆದೆ: ‘ಅವಳು ಕಿಟಕಿ ಪಕ್ಕ ಕೂತಿದ್ದಾಳೆ. ಚಪ್ಪಲಿ ಬಿಚ್ಚಿದ್ದಾಳೆ. ಕಂಡಕ್ಟರ್ ಟಿಕೆಟ್ ಕೇಳಲು ಬರುತ್ತಾನೆ. ನಾಳೆ ಇಲ್ಲಿಂದ.’ ಆಮೇಲೆ ಎದ್ದು ಹಾಲು ತರಲು ಹೋದೆ.